ಮುಟ್ಟಿನ ಅತಿ ರಕ್ತಸ್ರಾವ: ಯಾವ ಆಪರೇಷನ್ ಯಾರಿಗೆ, ಹೇಗೆ ತೀರ್ಮಾನಿಸುವುದು

"ಮಕ್ಕಳಾಗಿವೆ, ಆಪರೇಷನ್ನೂ ಆಗಿದೆ. ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀರಿ, ತೆಗೆಸಿಬಿಡಿ." ಕೋಲಾರ ಜಿಲ್ಲೆಯಲ್ಲಿ ಮುಳಬಾಗಿಲಿನಿಂದ ಮಾಲೂರಿನವರೆಗೆ ಎಲ್ಲಿ ಹೋದರೂ ಕೇಳುವ ಮಾತಿದು. ಹೇಳುವವರು ಕೆಲವೊಮ್ಮೆ ಡಾಕ್ಟರು, ಬಹಳ ಸಲ ಓರಗಿತ್ತಿ ಅಥವಾ ಪಕ್ಕದ ಮನೆಯವರು. ಕೆಲವರ ವಿಷಯದಲ್ಲಿ ಈ ಮಾತು ಸರಿಯೂ ಹೌದು. ಆದರೆ ರಕ್ತ ಏಕೆ ಹೋಗುತ್ತಿದೆ ಎಂದು ಗೊತ್ತಾಗುವ ಮೊದಲೇ ಆಪರೇಷನ್ ತೀರ್ಮಾನವಾಗಿರುತ್ತದೆ. ಒಳಪದರದಿಂದ ಬೆಳೆದ ಸಣ್ಣ ಮಾಂಸದ ಕುಡಿ, ಅಂದರೆ ಪಾಲಿಪ್ ಒಂದನ್ನು ತೆಗೆದಿದ್ದರೆ ಸಾಕಾಗುತ್ತಿದ್ದ ಕಡೆ ಇಡೀ ಗರ್ಭಕೋಶ ಹೋಗುತ್ತದೆ. ತೆಗೆಯಲೇಬೇಕಾದ ಕಡೆ ಮೂರು ನಾಲ್ಕು ಸಲ 'ಕ್ಲೀನ್' (ಒಳಪದರ ಕೆರೆದು ತೆಗೆಯುವುದು) ಮಾಡಿಸಿಕೊಂಡು ಎರಡು ವರ್ಷ ಕಳೆದಿರುತ್ತದೆ.

ಕಾರಣ ಮೊದಲು, ಆಪರೇಷನ್ನಿನ ಹೆಸರು ಆಮೇಲೆ. ಕೆಳಗಿನ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ.

ಎಷ್ಟು ಹೋಗುತ್ತಿದೆ, ಬರೆದಿಡಿ

ಒಂದು ಮುಟ್ಟಿನಲ್ಲಿ 80 ಮಿ.ಲೀ.ಗಿಂತ ಹೆಚ್ಚು ಹೋದರೆ ಅತಿ ಸ್ರಾವ ಎಂಬುದು ಪುಸ್ತಕದ ಲೆಕ್ಕ. ಮನೆಯಲ್ಲಿ ಯಾರೂ ಮಿ.ಲೀ. ಅಳೆಯಲಾರರು. ಅದಕ್ಕೆ ಅಂಕದ ಪದ್ಧತಿಯಿದೆ. ಸ್ವಲ್ಪ ಕಲೆಯಾದ ಪ್ಯಾಡಿಗೆ 1, ಅರ್ಧಂಬರ್ಧ ನೆನೆದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20. ಸಣ್ಣ ಹೆಪ್ಪು ಬಿದ್ದರೆ 1, ದೊಡ್ಡದಕ್ಕೆ 5. ಮೊದಲ ದಿನದಿಂದ ನಿಲ್ಲುವವರೆಗೆ ಕ್ಯಾಲೆಂಡರಿನ ಮೇಲೆ ಬರೆದು ಕೂಡಿಸಿ. ಮೊತ್ತ 100 ದಾಟಿದರೆ ಅತಿ ಸ್ರಾವವೆಂದೇ ಹಿಡಿಯಬಹುದು. ಮುಟ್ಟಿನ ಕಪ್ ಬಳಸುವವರಿಗೆ ಇನ್ನೂ ಸುಲಭ, ಬಹಳಷ್ಟು ಕಪ್‌ಗಳ ಮೇಲೆ ಅಳತೆಯ ಗೆರೆಗಳಿರುತ್ತವೆ. ಬಟ್ಟೆ ಬಳಸುವವರಿಗೆ ಈ ಅಂಕಗಳು ಹೊಂದುವುದಿಲ್ಲ. ಅವರು ದಿನಕ್ಕೆ ಎಷ್ಟು ಸಲ ಬದಲಾಯಿಸಿದಿರಿ, ರಾತ್ರಿ ಎದ್ದು ಬದಲಾಯಿಸಬೇಕಾಯಿತೇ, ಎಷ್ಟು ದಿನ ಹೋಯಿತು, ಹಾಸಿಗೆ ಸೀರೆ ಕಲೆಯಾಯಿತೇ ಎಂದು ಬರೆದರೆ ಸಾಕು.

ಎರಡು ಮೂರು ತಿಂಗಳ ಇಂಥ ಚೀಟಿ ಕೈಯಲ್ಲಿದ್ದರೆ ಡಾಕ್ಟರ ಎದುರು "ತುಂಬಾ ಹೋಗುತ್ತೆ" ಎಂಬ ಮಾತಿಗೆ ತೂಕ ಬರುತ್ತದೆ. ಚಿಕಿತ್ಸೆಯ ನಂತರ ಕಡಿಮೆಯಾಯಿತೋ ಇಲ್ಲವೋ ಎಂದು ಹೋಲಿಸಲೂ ಇದೇ ಆಧಾರ.

ಬರೆಯುತ್ತಾ ಕೂರಬಾರದ ಸ್ಥಿತಿಯೂ ಉಂಟು. ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಎರಡು ಗಂಟೆ ದಾಟಿದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಕೂತಲ್ಲೇ ಎದೆ ಹೊಡೆದುಕೊಂಡರೆ, ಅಥವಾ ಮುಟ್ಟು ತಪ್ಪಿದ ಮೇಲೆ ಹೊಟ್ಟೆನೋವಿನ ಜೊತೆ ರಕ್ತ ಹೋದರೆ ಆ ದಿನವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಂಬುಲೆನ್ಸಿಗೆ 108. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಪಾಸಣೆ ಬೇಕು, ಅದನ್ನು "ಮತ್ತೆ ಶುರುವಾಯ್ತು" ಎಂದು ಬಿಡಬೇಡಿ.

ಕಾರಣ ಹುಡುಕುವ ತಪಾಸಣೆಗಳು

ಕಾರಣಗಳು ಎರಡು ಗುಂಪು. ಮೊದಲನೆಯದು ಸ್ಕ್ಯಾನಿನಲ್ಲೋ ಬಯಾಪ್ಸಿಯಲ್ಲೋ (ಚೂರು ತೆಗೆದು ಮಾಡುವ ಪರೀಕ್ಷೆ) ಕಾಣುವಂಥವು: ಪಾಲಿಪ್, ಗೋಡೆಯೊಳಗೇ ಒಳಪದರ ಬೆಳೆಯುವ ಅಡೆನೊಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಒಳಪದರದ ಅತಿ ಬೆಳವಣಿಗೆ ಅಥವಾ ಕ್ಯಾನ್ಸರ್. ಎರಡನೆಯದು ಕಣ್ಣಿಗೆ ಕಾಣದವು: ರಕ್ತ ಹೆಪ್ಪುಗಟ್ಟದ ತೊಂದರೆ, ಅಂಡ ಬಿಡುಗಡೆಯಾಗದೆ ಹಾರ್ಮೋನ್ ಏರುಪೇರಾಗುವುದು, ಥೈರಾಯ್ಡ್, ಕಾಪರ್ ಟಿ, ಸ್ಟೆಂಟ್ ಹಾಕಿದವರಿಗೆ ಕೊಡುವ ರಕ್ತ ತೆಳುವಾಗಿಸುವ ಮಾತ್ರೆ. ಎರಡನೇ ಗುಂಪಿನವರಲ್ಲಿ ಬಹಳ ಮಂದಿಗೆ ಆಪರೇಷನ್ ಬೇಕಾಗುವುದಿಲ್ಲ. ಮೈನೆರೆದಾಗಿನಿಂದಲೇ ವಿಪರೀತ ಹೋಗುತ್ತಿದ್ದು, ಹಲ್ಲು ಕೀಳಿಸಿದಾಗಲೂ ರಕ್ತ ಬೇಗ ನಿಲ್ಲದಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಮಾಡಿಸಬೇಕಾದವು ಇವು: ಹಿಮೋಗ್ಲೋಬಿನ್ ಸಹಿತ ಪೂರ್ಣ ರಕ್ತ ಪರೀಕ್ಷೆ, ಗರ್ಭ ಪರೀಕ್ಷೆ (ಸಂತಾನಹರಣ ಆಗಿದ್ದರೂ), ಥೈರಾಯ್ಡಿನ ಟಿಎಸ್‌ಎಚ್, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆ (ಕ್ಯಾನ್ಸರಿನ ಮುನ್ಸೂಚನೆ ನೋಡುವುದು), ಮತ್ತು ಸ್ಕ್ಯಾನ್. ಮದುವೆಯಾದವರಿಗೆ ಸ್ಕ್ಯಾನನ್ನು ಯೋನಿಯ ಮೂಲಕ ಮಾಡಿದರೆ ಒಳಪದರ ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆಯ ಮೇಲಿಂದ ಮಾಡಿದ್ದರಲ್ಲಿ ಸಣ್ಣ ಪಾಲಿಪ್ ತಪ್ಪಿಹೋಗಬಹುದು. ಮುಟ್ಟು ನಿಂತ ಕೂಡಲೇ, ಅಂದರೆ ಮುಟ್ಟಾದ 5ರಿಂದ 10ನೇ ದಿನದೊಳಗೆ ಮಾಡಿಸಿದರೆ ಒಳಪದರ ತೆಳುವಾಗಿರುತ್ತದೆ, ಅದರಲ್ಲಿ ಏನಿದ್ದರೂ ಎದ್ದು ಕಾಣುತ್ತದೆ. 25ನೇ ದಿನ ಮಾಡಿಸಿ "ಒಳಪದರ ದಪ್ಪ ಇದೆ" ಎಂದು ಹೆದರಿದವರು ಬಹಳ. ಆ ದಿನ ಅದು ದಪ್ಪ ಇರಬೇಕಾದದ್ದೇ.

ಬಯಾಪ್ಸಿಯ ಮಾತು ಬಂದರೆ ಹಿಂಜರಿಯಬೇಡಿ. 45 ದಾಟಿದವರಿಗೆ ಅದು ಬೇಕೇ ಬೇಕು. ಅದಕ್ಕಿಂತ ಚಿಕ್ಕವರಲ್ಲೂ ಬೊಜ್ಜು, ಸಕ್ಕರೆ ಕಾಯಿಲೆ, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದರೆ ಅಥವಾ ಮಾತ್ರೆಗೆ ಜಗ್ಗದಿದ್ದರೆ ಮಾಡಬೇಕು. ಪೈಪೆಲ್ ಎಂಬ ತೆಳು ಪ್ಲಾಸ್ಟಿಕ್ ಕೊಳವೆಯನ್ನು ಗರ್ಭಕೋಶದ ಬಾಯಿಯಿಂದ ಒಳಗೆ ಬಿಟ್ಟು, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಎಳೆದಾಗ ಹುಟ್ಟುವ ಹೀರುವಿಕೆಗೆ ಒಳಪದರದ ಚೂರು ಕೊಳವೆಯೊಳಗೆ ಬರುತ್ತದೆ. ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಬೇಕಿಲ್ಲ. ಮುಟ್ಟಿನ ನೋವಿನಂಥ ಸೆಳೆತ ಬಂದು ಹೋಗುತ್ತದೆ. ಆದರೆ ಇದು ಕುರುಡು ಕೊಳವೆ. ಒಂದೇ ಮೂಲೆಯಲ್ಲಿ ಕೂತ ಪಾಲಿಪ್ ಅಥವಾ ಗಂಟು ಇದಕ್ಕೆ ಸಿಗದೆ ಹೋಗಬಹುದು. ರಿಪೋರ್ಟ್ ನಾರ್ಮಲ್ ಬಂದು ರಕ್ತ ಮಾತ್ರ ಹೋಗುತ್ತಲೇ ಇದ್ದರೆ ಹಿಸ್ಟೆರೊಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಬಿಟ್ಟು ಒಳಗೆ ನೋಡುವುದು, ಮುಂದಿನ ಹೆಜ್ಜೆ.

ಸ್ಕ್ಯಾನ್ ರಿಪೋರ್ಟ್ ಓದುವುದು

ಬೇಡದ ಆಪರೇಷನ್ನುಗಳಲ್ಲಿ ಬಹಳಷ್ಟು ಶುರುವಾಗುವುದು ರಿಪೋರ್ಟಿನ ಒಂದು ಸಾಲಿನಿಂದ.

'ಬಲ್ಕಿ ಯೂಟರಸ್' ಎಂದಿದ್ದರೆ ಗರ್ಭಕೋಶ ಸ್ವಲ್ಪ ದೊಡ್ಡದಿದೆ ಎಂದಷ್ಟೇ ಅರ್ಥ. ಎರಡು ಮೂರು ಹೆರಿಗೆಯಾದವರಲ್ಲಿ ಹಾಗಿರುವುದು ಸಹಜ. 'ನಬೋಥಿಯನ್ ಸಿಸ್ಟ್' ಗರ್ಭಕೋಶದ ಬಾಯಿಯಲ್ಲಿರುವ ಲೋಳೆಯ ಗುಳ್ಳೆ, ಏನೂ ಮಾಡಬೇಕಿಲ್ಲ. ಪರೀಕ್ಷೆ ಮಾಡಿ 'ಗರ್ಭಕೋಶದ ಬಾಯಿಯಲ್ಲಿ ಹುಣ್ಣು' ಎಂದರೆ ಬಹುತೇಕ ಅದು ಹುಣ್ಣೇ ಅಲ್ಲ, ಒಳಗಿನ ಕೆಂಪು ಪದರ ಹೊರಗೆ ಕಾಣುತ್ತಿರುತ್ತದೆ. ಪ್ಯಾಪ್ ಪರೀಕ್ಷೆ ಸರಿಯಿದ್ದರೆ ಸುಮ್ಮನಿರಬಹುದು. ಬಿಳಿ ಸೆರಗು, ಸೊಂಟನೋವು, ಅಂಡಾಶಯದ ಸಣ್ಣ ನೀರುಗುಳ್ಳೆ ಇವು ಯಾವುವೂ ಗರ್ಭಕೋಶ ತೆಗೆಯಲು ಕಾರಣವಲ್ಲ.

ಫೈಬ್ರಾಯ್ಡ್ ಎಂದಿದ್ದರೆ ಗಾತ್ರಕ್ಕಿಂತ ಮೊದಲು ಜಾಗ ನೋಡಿ. 'ಸಬ್‌ಮ್ಯೂಕೋಸಲ್' ಎಂದರೆ ಒಳಪದರದ ಕೆಳಗಿಂದ ಕುಹರದೊಳಕ್ಕೆ (ಗರ್ಭಕೋಶದ ಒಳಗಿನ ಖಾಲಿ ಜಾಗಕ್ಕೆ) ಚಾಚಿದ ಗಡ್ಡೆ. ಇದು 2 ಸೆಂ.ಮೀ. ಇದ್ದರೂ ವಿಪರೀತ ರಕ್ತ ಹೋಗಿಸುತ್ತದೆ. 'ಇಂಟ್ರಾಮ್ಯೂರಲ್' ಗೋಡೆಯೊಳಗಿನದು, ದೊಡ್ಡದಾದಂತೆ ತೊಂದರೆ. 'ಸಬ್‌ಸೀರೋಸಲ್' ಹೊರಮೈ ಮೇಲಿನದು. ಅದು 5 ಸೆಂ.ಮೀ. ಇದ್ದರೂ ಮುಟ್ಟಿನ ರಕ್ತಕ್ಕೆ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ, ಅದನ್ನು ತೆಗೆಸಿದರೂ ಸ್ರಾವ ಹಾಗೇ ಉಳಿಯುತ್ತದೆ. ಫೈಬ್ರಾಯ್ಡ್ ಕ್ಯಾನ್ಸರ್ ಆಗುತ್ತದೆಂಬ ಭಯಕ್ಕೆ ಆಧಾರ ತೀರಾ ಕಡಿಮೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ತಾವಾಗೇ ಕುಗ್ಗುತ್ತವೆ. ನಿಂತ ಮೇಲೂ ಬೆಳೆಯುತ್ತಿದ್ದರೆ ಮಾತ್ರ ಬೇಗ ತೋರಿಸಿ.

ಬಯಾಪ್ಸಿ ರಿಪೋರ್ಟಿನಲ್ಲಿ 'ಹೈಪರ್‌ಪ್ಲೇಸಿಯಾ' ಎಂದಿದ್ದರೆ, ಅಂದರೆ ಒಳಪದರ ಅತಿಯಾಗಿ ಬೆಳೆದಿದ್ದರೆ, ಅದರ ಪಕ್ಕದ ಮಾತು ಓದಿ. 'ಅಟಿಪಿಯಾ ಇಲ್ಲ' (ಜೀವಕೋಶಗಳ ರೂಪ ಕೆಟ್ಟಿಲ್ಲ) ಎಂದಿದ್ದರೆ ಹಾರ್ಮೋನ್ ಚಿಕಿತ್ಸೆಗೆ ಬಗ್ಗುವ ಸಾಧ್ಯತೆ ಹೆಚ್ಚು. ಅದು 20 ವರ್ಷದಲ್ಲಿ ಕ್ಯಾನ್ಸರಿಗೆ ತಿರುಗುವ ಸಂಭವ ನೂರಕ್ಕೆ 5ಕ್ಕಿಂತ ಕಡಿಮೆ. 'ಅಟಿಪಿಯಾ ಇದೆ' ಎಂದಿದ್ದರೆ, ಮಕ್ಕಳು ಬೇಕೆನ್ನುವವರನ್ನು ಬಿಟ್ಟು ಉಳಿದವರಿಗೆ ಗರ್ಭಕೋಶ ತೆಗೆಸುವುದೇ ಸರಿಯಾದ ದಾರಿ. ಅಲ್ಲಿ ತಡ ಮಾಡಬಾರದು.

ರಕ್ತ ತುಂಬಿಕೊಳ್ಳಿ

ಹಿಮೋಗ್ಲೋಬಿನ್ 7 ಇಟ್ಟುಕೊಂಡು, ತುರ್ತಲ್ಲದ ಆಪರೇಷನ್ ಟೇಬಲ್ ಹತ್ತುವುದು ಅಪಾಯ. 10ರ ಹತ್ತಿರವಾದರೂ ಬರಬೇಕು. ಅದಕ್ಕೆ ಸ್ರಾವ ತಡೆಯುವ ಔಷಧಿಯನ್ನೂ ಕಬ್ಬಿಣವನ್ನೂ ಜೊತೆಗೇ ಕೊಡಬೇಕು. ತೂತು ಮುಚ್ಚದೆ ಕೊಡ ತುಂಬುವ ಕೆಲಸ ಬೇಡ.

ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ನಿಂಬೆ ಹಿಂಡಿದ ನೀರಿನ ಜೊತೆ ನುಂಗಿ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಅದನ್ನು ಮೈಗೆ ಹತ್ತದಂತೆ ಮಾಡುತ್ತವೆ. ರಾಗಿಯಲ್ಲೂ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಮುದ್ದೆ ಊಟಕ್ಕೂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ, ಅಥವಾ ಆಪರೇಷನ್ ದಿನ ಹತ್ತಿರವಿದ್ದರೆ ನರಕ್ಕೆ ಕೊಡುವ ಕಬ್ಬಿಣ ಮೇಲು. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ 200 ಮಿ.ಗ್ರಾಂ., ದಿನ ಬಿಟ್ಟು ದಿನ ಹಲವು ಸಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ 1000 ಮಿ.ಗ್ರಾಂ.ವರೆಗೆ ಒಂದೇ ಸಲ, ಸುಮಾರು 15 ನಿಮಿಷದಲ್ಲಿ. ಬೆಲೆ ಹೆಚ್ಚು, ಆದರೆ ಶ್ರೀನಿವಾಸಪುರದ ಹಳ್ಳಿಯಿಂದ ಕೋಲಾರಕ್ಕೆ ಕೂಲಿ ಬಿಟ್ಟು ಐದು ಸಲ ಓಡಾಡುವ ಖರ್ಚಿನ ಮುಂದೆ ಲೆಕ್ಕ ಹಾಕಿ ನೋಡಿ. ಮೂರು ನಾಲ್ಕು ವಾರ ಸಮಯ ಕೊಟ್ಟರೆ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರುವುದನ್ನು ನಿರೀಕ್ಷಿಸಬಹುದು.

ಔಷಧಿ ಸರಿಯಾಗಿ ಪ್ರಯತ್ನಿಸಿದ್ದೇವೆಯೇ?

"ಮಾತ್ರೆ ಎಲ್ಲಾ ಆಯ್ತು ಡಾಕ್ಟ್ರೇ, ಏನೂ ಆಗ್ಲಿಲ್ಲ" ಎನ್ನುವವರಲ್ಲಿ ಬಹಳ ಮಂದಿ ಮಾತ್ರೆಯನ್ನು ಎರಡು ದಿನ ನುಂಗಿ ಬಿಟ್ಟಿರುತ್ತಾರೆ. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಸ್ರಾವವಿರುವ ದಿನಗಳಲ್ಲಿ ಮಾತ್ರ, ಸಾಮಾನ್ಯವಾಗಿ 1 ಗ್ರಾಂ ದಿನಕ್ಕೆ ಮೂರು ಸಲ, ನಾಲ್ಕೈದು ದಿನ. ಕಾಲಿನ ನರದಲ್ಲಿ ಅಥವಾ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಬೇಡ. ನೋರೆಥಿಸ್ಟೆರೋನ್ ಎಂಬ ಹಾರ್ಮೋನ್ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುವುದು ಅದರ ಸಹಜ ಕ್ರಮ, ಅದನ್ನು ಮಾತ್ರೆ ಸೋತಿತೆಂದು ತಿಳಿಯಬಾರದು. ಜಾತ್ರೆಗೋ ಗೃಹಪ್ರವೇಶಕ್ಕೋ ಮುಟ್ಟು ಮುಂದಕ್ಕೆ ಹಾಕಲು ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವುದೂ ಇದನ್ನೇ. ವರ್ಷಕ್ಕೆ ನಾಲ್ಕೈದು ಸಲ ಹಾಗೆ ಮಾಡಿದವರ ಕ್ರಮ ತಪ್ಪಿದರೆ ಮೊದಲು ಆ ವಿಷಯ ಹೇಳಿ.

ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಓರ್ಮೆಲಾಕ್ಸಿಫೀನ್ ಕೂಡ ಅತಿ ಸ್ರಾವಕ್ಕೆ ಕೊಡುತ್ತಾರೆ: 60 ಮಿ.ಗ್ರಾಂ. ವಾರಕ್ಕೆ ಎರಡು ಸಲ 12 ವಾರ, ಆಮೇಲೆ ವಾರಕ್ಕೊಂದು 12 ವಾರ. ಸರ್ಕಾರಿ ಕುಟುಂಬ ಯೋಜನೆಯ 'ಛಾಯಾ' ಮಾತ್ರೆಯೂ ಇದೇ ಔಷಧಿ.

ಎಲ್ಲಕ್ಕಿಂತ ಬಲವಾದದ್ದು ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಸಾಧನ. ನೋಡಲು ಕಾಪರ್ ಟಿಯಂತೆಯೇ ಇರುವುದರಿಂದ "ಕಾಪರ್ ಟಿ ಹಾಕಿಸಿಯೇ ರಕ್ತ ಜಾಸ್ತಿಯಾಗಿದ್ದು" ಎಂದು ಬೇಡವೆನ್ನುವವರಿದ್ದಾರೆ. ಕೆಲಸ ತದ್ವಿರುದ್ಧ. ಅದರಲ್ಲಿ 52 ಮಿ.ಗ್ರಾಂ. ಹಾರ್ಮೋನ್ ಇದ್ದು, ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಬಿಡುಗಡೆಯಾಗುತ್ತಾ ಒಳಪದರವನ್ನು ತೆಳುವಾಗಿಸುತ್ತದೆ. ಸ್ರಾವ ಸಾಮಾನ್ಯವಾಗಿ ಮುಕ್ಕಾಲು ಭಾಗವೋ ಇನ್ನೂ ಹೆಚ್ಚೋ ಇಳಿಯುತ್ತದೆ, ಕನಿಷ್ಠ 5 ವರ್ಷ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ: ಮೊದಲ ಮೂರರಿಂದ ಆರು ತಿಂಗಳು ಹನಿಹನಿಯಾಗಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಇದನ್ನು ಮೊದಲೇ ಹೇಳದೆ ಹಾಕಿದರೆ ಎರಡನೇ ತಿಂಗಳಿಗೆ ತೆಗೆಸಿಕೊಂಡು ಹೋಗುತ್ತಾರೆ. ಕುಹರ ತೀರಾ ದೊಡ್ಡದಿದ್ದರೆ ಅಥವಾ ಗಡ್ಡೆ ಒಳಗೆ ಚಾಚಿದ್ದರೆ ಸಾಧನ ಜಾರಿ ಬೀಳುವುದುಂಟು. ಫಿನ್ಲೆಂಡಿನಲ್ಲಿ ಇದನ್ನು ಗರ್ಭಕೋಶ ತೆಗೆಯುವುದರ ಜೊತೆ ಹೋಲಿಸಿ ನೋಡಿದಾಗ 5 ವರ್ಷದ ಕೊನೆಗೆ ಸಾಧನ ಹಾಕಿಸಿಕೊಂಡವರಲ್ಲಿ ನೂರಕ್ಕೆ 42 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ತಪ್ಪಿತು, ಎಲ್ಲರಿಗೂ ತಪ್ಪಲಿಲ್ಲ. ಎರಡನ್ನೂ ತಿಳಿದು ಒಪ್ಪಿಕೊಳ್ಳಿ.

ಈಗ ಆಪರೇಷನ್ನುಗಳು, ಚಿಕ್ಕದರಿಂದ ದೊಡ್ಡದಕ್ಕೆ

ಡಿ ಅಂಡ್ ಸಿ, ಅಂದರೆ 'ಕ್ಲೀನ್ ಮಾಡಿಸುವುದು'. ಆ ಹೊತ್ತಿನ ರಕ್ತ ನಿಲ್ಲಿಸಬಹುದು, ಪರೀಕ್ಷೆಗೆ ಚೂರು ಸಿಗಬಹುದು. ಒಂದೆರಡು ತಿಂಗಳಿಗೆ ಒಳಪದರ ಮತ್ತೆ ಬೆಳೆದು ಮೊದಲಿನಂತೆಯೇ ಹೋಗುತ್ತದೆ. ಚಿಕಿತ್ಸೆಯೆಂದು ಎರಡನೇ ಸಲ ಕ್ಲೀನ್ ಮಾಡಿಸಲು ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕಾಣುವ ಸಮಯ ಬಂದಿದೆ.

ಹಿಸ್ಟೆರೊಸ್ಕೋಪಿಯಿಂದ ಪಾಲಿಪ್ ಅಥವಾ ಒಳಗಡ್ಡೆ ತೆಗೆಯುವುದು. ಹೊಟ್ಟೆಯ ಮೇಲೆ ಗಾಯವೇ ಇಲ್ಲ. ಕ್ಯಾಮೆರಾದ ಪಕ್ಕದಲ್ಲೇ ಇರುವ ತಂತಿಯಿಂದ ಗಡ್ಡೆಯನ್ನು ಪದರಪದರವಾಗಿ ಕೆರೆದು ತೆಗೆಯುತ್ತಾರೆ, ಬಹುತೇಕ ಅದೇ ದಿನ ಅಥವಾ ಮರುದಿನ ಮನೆಗೆ. ಇಲ್ಲಿ ತಪ್ಪಾಗುವುದು ದ್ರವದ ಲೆಕ್ಕದಲ್ಲಿ. ಕುಹರ ಬಿಚ್ಚಿಕೊಳ್ಳಲು ಒಳಗೆ ಬಿಡುವ ದ್ರವ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಗ್ಲೈಸಿನ್ ಎಂಬ ದ್ರವ ಬಳಸಿದಾಗ ಒಳಗೆ ಉಳಿದದ್ದು 1000 ಮಿ.ಲೀ., ಸಲೈನ್ (ಉಪ್ಪುನೀರು) ಬಳಸಿದಾಗ 2500 ಮಿ.ಲೀ. ಮುಟ್ಟಿದರೆ ಕೆಲಸ ನಿಲ್ಲಿಸಬೇಕು. ದಾಟಿದರೆ ರಕ್ತದ ಸೋಡಿಯಂ ಇಳಿಯುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಆಗುತ್ತದೆ. ಅದಕ್ಕೇ ದೊಡ್ಡ ಗಡ್ಡೆಯನ್ನು ಎರಡು ಕಂತಿನಲ್ಲಿ ತೆಗೆಯಬೇಕೆಂದು ಡಾಕ್ಟರ್ ಹೇಳಿದರೆ ಅದು ಎಚ್ಚರಿಕೆಯ ಮಾತು, ಹಣದ ಆಸೆಯಲ್ಲ. ಸರಿಯಾದ ರೋಗಿಗೆ ಸರಿಯಾದ ಕಾರಣಕ್ಕೆ ಮಾಡಿದರೆ ಎಲ್ಲಾ ಆಪರೇಷನ್ನುಗಳ ಪೈಕಿ ಕಡಿಮೆ ನೋವಿನಲ್ಲಿ ಹೆಚ್ಚು ಫಲ ಕೊಡುವುದು ಇದೇ.

ಅಬ್ಲೇಶನ್, ಒಳಪದರವನ್ನು ಸುಡುವುದು. ಗರ್ಭಕೋಶದೊಳಗೆ ಬಲೂನ್ ಬಿಟ್ಟು, ಅದರಲ್ಲಿ ದ್ರವ ತುಂಬಿ ಕಾಯಿಸುತ್ತಾರೆ. ಹೆಚ್ಚು ಬಳಕೆಗೆ ಬಂದ ಒಂದು ಮಾದರಿಯಲ್ಲಿ 87 ಡಿಗ್ರಿ ಸೆಲ್ಸಿಯಸ್, 8 ನಿಮಿಷ. ರೇಡಿಯೊಫ್ರೀಕ್ವೆನ್ಸಿ ಜಾಲರಿಯಲ್ಲಿ ಕೆಲಸ ಎರಡು ನಿಮಿಷದೊಳಗೆ ಮುಗಿಯುತ್ತದೆ. ಈ ಸಾಧನಗಳು ಒಬ್ಬರಿಗೆ ಒಂದೇ ಸಲ ಬಳಸುವಂಥವು, ಬಿಲ್ಲಿನ ದೊಡ್ಡ ಭಾಗ ಅವೇ. ಅವಿಲ್ಲದ ಕಡೆ ಹಿಸ್ಟೆರೊಸ್ಕೋಪಿನ ತಂತಿಯಿಂದಲೇ ಒಳಪದರ ಕೆತ್ತಿ ತೆಗೆಯುತ್ತಾರೆ, ಅದಕ್ಕೆ ಕೈ ಪಳಗಿರಬೇಕು.

ಯಾರಿಗೆ ಒಗ್ಗುತ್ತದೆ? ಮಕ್ಕಳು ಸಾಕೆಂದವರು, 40–45 ದಾಟಿದವರು, ಕುಹರ ಹೆಚ್ಚು ದೊಡ್ಡದಿಲ್ಲದವರು, ಬಯಾಪ್ಸಿ ನಾರ್ಮಲ್ ಇರುವವರು. ವಯಸ್ಸು ಚಿಕ್ಕದಿದ್ದಷ್ಟೂ ಮುಟ್ಟು ಸಹಜವಾಗಿ ನಿಲ್ಲಲು ವರ್ಷಗಳು ಹೆಚ್ಚು ಉಳಿದಿರುತ್ತವೆ, ಅಷ್ಟರಲ್ಲಿ ಪದರ ಮತ್ತೆ ಬೆಳೆಯುತ್ತದೆ. ಅಡೆನೊಮಯೋಸಿಸ್ ಇದ್ದರೆ ಸೋಲು ಹೆಚ್ಚು, ಏಕೆಂದರೆ ಬೇರು ಗೋಡೆಯ ಆಳದಲ್ಲಿರುತ್ತದೆ. ಮೊದಲ 5 ವರ್ಷದಲ್ಲಿ ಐವರಲ್ಲಿ ಒಬ್ಬರಿಗಾದರೂ ಮತ್ತೊಂದು ಆಪರೇಷನ್ ಬೇಕಾಗುತ್ತದೆಂದು ಇಟ್ಟುಕೊಳ್ಳಿ. ಪೂರ್ತಿ ಮುಟ್ಟು ನಿಲ್ಲುತ್ತದೆಂದು ಯಾರೂ ಮಾತು ಕೊಡಲಾಗದು, ಕಡಿಮೆಯಾಗುತ್ತದೆ ಎನ್ನಬಹುದು.

ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ಎರಡು. ಅಬ್ಲೇಶನ್ ಗರ್ಭ ತಡೆಯುವುದಿಲ್ಲ. ಸುಟ್ಟ ಒಳಪದರದ ಮೇಲೆ ಗರ್ಭ ನಿಂತರೆ ತಾಯಿಯ ಜೀವಕ್ಕೇ ಕುತ್ತು, ಆದ್ದರಿಂದ ಗರ್ಭನಿರೋಧ ಮುಂದುವರಿಯಬೇಕು. ಇನ್ನು ಸಂತಾನಹರಣ ಈಗಾಗಲೇ ಆದವರಲ್ಲಿ, ಸುಟ್ಟ ಜಾಗ ಅಂಟಿಕೊಂಡು, ಮೂಲೆಯಲ್ಲಿ ಉಳಿದ ಒಳಪದರದ ರಕ್ತ ಹೊರಬರಲು ದಾರಿಯಿಲ್ಲದೆ ಟ್ಯೂಬಿನ ಬುಡದಲ್ಲಿ ನಿಲ್ಲಬಹುದು. ಪ್ರತಿ ತಿಂಗಳೂ ಒಂದೇ ಪಕ್ಕಕ್ಕೆ ಚುಚ್ಚಿದಂತೆ ನೋವು ಬಂದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಬಿಡಬೇಡಿ. ಆಪರೇಷನ್ ಆದ ಎರಡರಿಂದ ನಾಲ್ಕು ವಾರ ನೀರು ನೀರಾಗಿ ಸ್ರಾವ ಹೋಗುವುದು ಮಾತ್ರ ಸಹಜ. ಫಲ ಸಿಕ್ಕಿತೇ ಎಂದು ಮೂರು ತಿಂಗಳಾದ ಮೇಲೆ ಆ ಅಂಕದ ಚೀಟಿ ಹಿಡಿದು ನೋಡಿ.

ಮಯೋಮೆಕ್ಟಮಿ, ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುವುದು. ಮಕ್ಕಳು ಬೇಕೆನ್ನುವವರಿಗೆ ಇದೇ ಮೊದಲ ಆಯ್ಕೆ. ರಕ್ತ ಹೆಚ್ಚು ಹೋಗುವ ಆಪರೇಷನ್ ಇದು, ರಕ್ತ ಸಿದ್ಧವಿಟ್ಟುಕೊಂಡೇ ಮಾಡಬೇಕು. ಸಹಿ ಹಾಕುವ ಕಾಗದದಲ್ಲಿ "ಅನಿವಾರ್ಯವಾದರೆ ಗರ್ಭಕೋಶ ತೆಗೆಯಲಾಗುವುದು" ಎಂಬ ಸಾಲು ಇರುವುದು ಅದಕ್ಕೇ. ಅಪರೂಪ, ಆದರೂ ಮನೆಯವರಿಗೆ ಮೊದಲೇ ಗೊತ್ತಿರಲಿ. ತೆಗೆದ ಗಡ್ಡೆ ಮತ್ತೆ ಬರುವುದಿಲ್ಲ, ಹೊಸದು ಬರಬಹುದು. ಗೋಡೆಗೆ ಆಳವಾಗಿ ಹೊಲಿಗೆ ಬಿದ್ದಿದ್ದರೆ ಮೂರರಿಂದ ಆರು ತಿಂಗಳು ಗರ್ಭ ಬೇಡ, ಮುಂದಿನ ಹೆರಿಗೆ ಸಿಸೇರಿಯನ್ ಆಗುವ ಸಂಭವ ಹೆಚ್ಚು.

ಎಂಬೊಲೈಸೇಶನ್. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ಬಿಟ್ಟು, ಗರ್ಭಕೋಶದ ಧಮನಿಗೆ ಮರಳಿನಂಥ ಕಣಗಳನ್ನು ತುಂಬಿ ಗಡ್ಡೆಗೆ ರಕ್ತ ನಿಲ್ಲಿಸುತ್ತಾರೆ. ಇದನ್ನು ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಹಾಗಾಗಿ ಕೋಲಾರದವರು ಸಾಮಾನ್ಯವಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮೊದಲ 24 ಗಂಟೆ ನೋವು ಜೋರು. ಹತ್ತು ವರ್ಷ ಹಿಂಬಾಲಿಸಿ ನೋಡಿದ ಡಚ್ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಕೊನೆಗೆ ಗರ್ಭಕೋಶ ತೆಗೆಯಬೇಕಾಯಿತು. ಹೃದಯ, ಶ್ವಾಸಕೋಶದ ಕಾಯಿಲೆಯಿಂದ ಅರಿವಳಿಕೆ ಕೊಡಲಾಗದವರಿಗೆ ಇದು ಒಳ್ಳೆಯ ದಾರಿ. ಮುಂದೆ ಮಗು ಬೇಕೆನ್ನುವವರಿಗೆ ಅಷ್ಟು ಸೂಕ್ತವಲ್ಲ.

ಗರ್ಭಕೋಶ ತೆಗೆಸುವುದೇ ಸರಿ ಎಂದಾದಾಗ

ಇದೊಂದರಲ್ಲೇ ಸ್ರಾವ ಶಾಶ್ವತವಾಗಿ ನಿಲ್ಲುತ್ತದೆ, ಆ ಮಾತು ನಿಜ. ಬ್ರಿಟನ್ನಿನಲ್ಲಿ ಅಬ್ಲೇಶನ್ನನ್ನೂ ಸಣ್ಣ ರಂಧ್ರಗಳ ಮೂಲಕ, ಅಂದರೆ ಕೀಹೋಲ್‌ನಿಂದ ಗರ್ಭಕೋಶ ತೆಗೆಯುವುದನ್ನೂ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ತಿಂಗಳ ಕೊನೆಗೆ ತೃಪ್ತಿಯೆಂದವರು ಅಬ್ಲೇಶನ್ ಗುಂಪಿನಲ್ಲಿ ನೂರಕ್ಕೆ 87, ತೆಗೆಸಿದ ಗುಂಪಿನಲ್ಲಿ 97. ಹಾಗಾಗಿ ಗರ್ಭಕೋಶ ತೆಗೆಸುವುದೆಂದರೆ ಮೋಸ ಎಂದು ಭಾವಿಸಬೇಕಿಲ್ಲ. ಕಾರಣ ಸ್ಪಷ್ಟವಿದ್ದು, ಚಿಕ್ಕ ದಾರಿಗಳನ್ನು ನೋಡಿಯಾಗಿದ್ದರೆ ಧೈರ್ಯವಾಗಿ ಮಾಡಿಸಿ. ಯಾವ ದಾರಿಯಿಂದ ತೆಗೆಯುತ್ತಾರೆ ಎಂಬುದನ್ನು ಮಾತ್ರ ಕೇಳಿ.

ಕೆಳಗಿನಿಂದ, ಅಂದರೆ ಯೋನಿಯ ಮೂಲಕ ತೆಗೆಯಲಾದರೆ ಅದಕ್ಕಿಂತ ಮೇಲಿಲ್ಲ. ಹೊಟ್ಟೆ ಮೇಲೆ ಗಾಯವಿಲ್ಲ, ಖರ್ಚು ಕಡಿಮೆ, ಎರಡು ಮೂರು ದಿನಕ್ಕೆ ಮನೆಗೆ. ಗರ್ಭಕೋಶ ಜಾರಿರದಿದ್ದರೂ ಹೀಗೆ ತೆಗೆಯಬಹುದು. ಗಾತ್ರ 12 ವಾರದ ಬಸಿರಿನಷ್ಟರೊಳಗಿದ್ದು, ಸುತ್ತಮುತ್ತ ಅಂಟಿಕೊಂಡಿರದಿದ್ದರೆ ಸಾಕು. ಲ್ಯಾಪ್ರೊಸ್ಕೋಪಿಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರ, ಬೇಗ ಚೇತರಿಕೆ. ಆದರೆ ಆಪರೇಷನ್ ಹೊತ್ತು ಹಿಡಿಯುತ್ತದೆ, ಮೂತ್ರನಾಳಕ್ಕೆ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳ) ಪೆಟ್ಟಾಗುವ ಸಂಭವ ಸ್ವಲ್ಪ ಹೆಚ್ಚು. ಹೊಟ್ಟೆ ಕೊಯ್ದು ಮಾಡುವುದು ತೀರಾ ದೊಡ್ಡ ಗಡ್ಡೆಗೆ, ಗಟ್ಟಿಯಾಗಿ ಅಂಟಿಕೊಂಡದ್ದಕ್ಕೆ, ಕ್ಯಾನ್ಸರ್ ಅನುಮಾನಕ್ಕೆ. ಮಾಡುವ ಡಾಕ್ಟರ ಕೈಗೆ ಯಾವುದು ಪಳಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂತ್ರನಾಳದ ಭಯ ಏಕೆಂದರೆ, ಗರ್ಭಕೋಶಕ್ಕೆ ರಕ್ತ ಕೊಡುವ ಧಮನಿಯ ಕೆಳಗೇ, ಬಾಯಿಯಿಂದ ಸುಮಾರು 2 ಸೆಂ.ಮೀ. ದೂರದಲ್ಲಿ ಅದು ಹಾದುಹೋಗುತ್ತದೆ. ಧಮನಿಗೆ ಕ್ಲ್ಯಾಂಪ್ ಹಾಕುವಾಗ, ಕಟ್ಟುವಾಗ, ಸುಡುವಾಗ ಅದೂ ಸಿಕ್ಕಿಬೀಳಬಹುದು. ಸಿಸೇರಿಯನ್ ಆದವರಲ್ಲಿ ಮೂತ್ರಕೋಶ ಹಳೆಯ ಹೊಲಿಗೆಯ ಮೇಲೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಹರಿಯಬಹುದು. ಎಷ್ಟು ಸಿಸೇರಿಯನ್ ಆಗಿದೆ ಎಂಬುದನ್ನು ಹಳೆಯ ಕಾಗದ ಸಮೇತ ತೋರಿಸಿ.

ಅಂಡಾಶಯ ಬೇರೆ ವಿಷಯ. "ಹೇಗೂ ಹೊಟ್ಟೆ ಬಿಚ್ಚಿದ್ದೀವಲ್ಲ, ಅದನ್ನೂ ತೆಗೆದುಬಿಡೋಣ" ಎಂಬ ಮಾತಿಗೆ ಹೂಂ ಎನ್ನಬೇಡಿ. ಮುಟ್ಟು ನಿಂತಿರದವರಲ್ಲಿ, ಅಂಡಾಶಯ ಆರೋಗ್ಯವಾಗಿದ್ದರೆ ಉಳಿಸಬೇಕು. ತೆಗೆದ ವಾರದಲ್ಲೇ ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು ಶುರು. ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ. ಟ್ಯೂಬುಗಳನ್ನು ಮಾತ್ರ ತೆಗೆಸುವುದು ಒಳ್ಳೆಯದೇ, ಅಂಡಾಶಯದ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಲಕ್ಷಣಗಳು ಕೆಲವರಿಗೆ ಒಂದೆರಡು ವರ್ಷ ಬೇಗ ಬರುತ್ತವೆ. ಮೂವತ್ತರ ಆಸುಪಾಸಿನಲ್ಲಿ ಗರ್ಭಕೋಶ ತೆಗೆಸುವ ಮುನ್ನ ಎರಡು ಸಲ ಯೋಚಿಸಿ ಎನ್ನುವುದು ಇದಕ್ಕೂ ಸೇರಿಯೇ.

ಸಹಿ ಹಾಕುವ ಮುನ್ನ

ಗಂಡನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಂಡು ನೇರವಾಗಿ ಕೇಳಿ: "ಡಾಕ್ಟ್ರೇ, ನನಗೆ ರಕ್ತ ಹೋಗೋಕೆ ಕಾರಣ ಏನು? ಬಯಾಪ್ಸಿಯಲ್ಲಿ ಏನು ಬಂದಿದೆ? ಇದಕ್ಕಿಂತ ಚಿಕ್ಕ ಆಪರೇಷನ್ನಿನಲ್ಲಿ ಆಗಲ್ವಾ, ಆಗದಿದ್ದರೆ ಯಾಕೆ? ಅಂಡಾಶಯ ಇಡ್ತೀರಾ? ಗರ್ಭಕೋಶದ ಬಾಯಿ ಇಡ್ತೀರಾ, ತೆಗೀತೀರಾ?" ಕಾರಣ ಗೊತ್ತಿರುವ ಡಾಕ್ಟರಿಗೆ ಇವಕ್ಕೆ ಉತ್ತರ ಹೇಳಲು ಐದು ನಿಮಿಷ ಸಾಕು. "ಕ್ಯಾನ್ಸರ್ ಆಗಿಬಿಡುತ್ತೆ, ನಾಳೆಯೇ ಅಡ್ಮಿಟ್ ಆಗಿ" ಎಂದು ಬಯಾಪ್ಸಿಯಿಲ್ಲದೆ ಹೇಳಿದರೆ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ, ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೋ ಹೋಗಿ ಎರಡನೇ ಅಭಿಪ್ರಾಯ ಪಡೆಯಿರಿ. ಬೇಡದ ಗರ್ಭಕೋಶದ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿದೆ. ಅದನ್ನು ಜಾರಿ ಮಾಡುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿದೆ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಆದರೆ ತುರ್ತಲ್ಲದ ಆಪರೇಷನ್ನಿಗೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅಲ್ಲಿಂದ ರೆಫರಲ್ ಚೀಟಿ. ಆಧಾರ್, ರೇಷನ್ ಕಾರ್ಡ್ ಇಟ್ಟುಕೊಂಡು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಕೇಳಿ. ಅನುಮಾನವಿದ್ದರೆ 104ಕ್ಕೆ ಫೋನ್ ಮಾಡಿ. ನರಸಾಪುರ, ಮಾಲೂರಿನ ಕಾರ್ಖಾನೆಗಳಲ್ಲಿ ಸಂಬಳದಿಂದ ಕಾರ್ಮಿಕ ವಿಮೆಯಾದ ಇಎಸ್‌ಐ ಕಡಿತವಾಗುವವರು ಇಎಸ್‌ಐ ಮೂಲಕವೇ ಮಾಡಿಸಬಹುದು. ಅಗತ್ಯವಾದಷ್ಟು ದಿನ ಹಣ ಕಟ್ಟಿಯಾಗಿದ್ದರೆ, ಡಾಕ್ಟರ್ ಸರ್ಟಿಫಿಕೇಟಿನ ಮೇಲೆ ರಜೆಯ ದಿನಗಳಿಗೆ ವೇತನದ ನೂರಕ್ಕೆ 70 ಭಾಗ ಸಿಗುತ್ತದೆ.

ಮನೆಗೆ ಬಂದ ಮೇಲೆ

ಮೊದಲ ದಿನದಿಂದಲೇ ಎದ್ದು ಓಡಾಡಿ, ಮಲಗೇ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಾಣಂತಿಯಂತೆ ತಿಂಗಳು ಪೂರ್ತಿ ಮಂಚ ಹಿಡಿಸುವ ಪದ್ಧತಿ ಇಲ್ಲಿ ಕೆಡುಕೇ ಮಾಡುತ್ತದೆ. ಹೊಟ್ಟೆ ಕೊಯ್ದವರು ಆರು ವಾರ ಭಾರ ಎತ್ತಬಾರದು. ತುಂಬಿದ ಬಿಂದಿಗೆ, ಹಾಲಿನ ಕ್ಯಾನು, 15 ಕೆ.ಜಿ. ಟೊಮ್ಯಾಟೊ ಬಾಕ್ಸ್ ಎಲ್ಲವೂ ಭಾರವೇ. ಕೆಳಗಿನಿಂದ ಅಥವಾ ಲ್ಯಾಪ್ರೊಸ್ಕೋಪಿಯಲ್ಲಿ ಮಾಡಿಸಿಕೊಂಡವರು ಹೊರಗೆ ಗಾಯ ಕಾಣುವುದಿಲ್ಲವೆಂದು ಹತ್ತನೇ ದಿನಕ್ಕೇ ಹೊಲಕ್ಕೆ ಇಳಿಯುತ್ತಾರೆ. ಒಳಗಿನ ಹೊಲಿಗೆ ಮಾಗಲು ಅವರಿಗೂ ಅಷ್ಟೇ ಸಮಯ ಬೇಕು. ದೈಹಿಕ ಸಂಪರ್ಕ ಆರು ವಾರ ಬೇಡ. ಮುಕ್ಕಿ ಮಲವಿಸರ್ಜನೆ ಮಾಡುವಂತಾಗದಿರಲಿ, ಸೊಪ್ಪು, ಹಣ್ಣು, ನೀರು ಸಾಕಷ್ಟು ಇರಲಿ.

ಎರಡು ಮೂರು ವಾರ ಕಂದು ಬಣ್ಣದ ಅಲ್ಪ ಸ್ರಾವ ಸಹಜ. ಜ್ವರ 100.4 ಡಿಗ್ರಿ ದಾಟಿದರೆ, ಸ್ರಾವ ಕೆಟ್ಟ ವಾಸನೆ ಬಂದರೆ, ಕೆಂಪು ರಕ್ತ ಪ್ಯಾಡ್ ತೊಯಿಸಿದರೆ, ಒಂದು ಕಾಲು ಮಾತ್ರ ಊದಿ ನೋಯ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ. ಒಂದೆರಡು ವಾರದ ಮೇಲೆ ಒಳಉಡುಪು ಸದಾ ಒದ್ದೆಯಾಗಿ ಮೂತ್ರದ ವಾಸನೆ ಬರತೊಡಗಿದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಮೂತ್ರದ ದಾರಿಗೆ ಪೆಟ್ಟಾದ ಗುರುತದು. ಬೇಗ ತೋರಿಸಿದರೆ ಕೆಲವೊಮ್ಮೆ ಮೂತ್ರದ ಪೈಪ್ ಇಟ್ಟೇ ಸರಿಹೋಗುತ್ತದೆ.

ತೆಗೆದ ಗರ್ಭಕೋಶ ಬಯಾಪ್ಸಿಗೆ ಹೋಗಿಯೇ ಇರುತ್ತದೆ. ಎರಡು ವಾರದ ಮೇಲೆ ಹೊಲಿಗೆ ತೋರಿಸಲು ಹೋದಾಗ ಆ ರಿಪೋರ್ಟ್ ಕೇಳಿ ಪಡೆದು, ಡಿಸ್ಚಾರ್ಜ್ ಚೀಟಿಯ ಜೊತೆ ಪಿನ್ ಮಾಡಿಡಿ. ಅಂಡಾಶಯ, ಟ್ಯೂಬು, ಬಾಯಿ ಯಾವುದು ಉಳಿದಿದೆ ಎಂದು ಅದರಲ್ಲಿ ಬರೆದಿರಬೇಕು. ಬಾಯಿ ಉಳಿಸಿದ್ದರೆ ಪ್ಯಾಪ್ ಪರೀಕ್ಷೆ ಮೊದಲಿನಂತೆಯೇ ಮುಂದುವರಿಯಬೇಕು, ತಿಂಗಳಿಗೊಮ್ಮೆ ಒಂದೆರಡು ಹನಿ ಕಂಡರೂ ಗಾಬರಿ ಬೇಡ. ಕಬ್ಬಿಣದ ಮಾತ್ರೆಯನ್ನು ರಕ್ತ ನಿಂತಿತೆಂದು ಬಿಡದೆ, ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ನುಂಗಿ.